ತಲೆಗೆ 4 ಡಾಲರ್: ಒಜಿಬ್ವೆ ಜನರ ಉಡುಗೊರೆ, ಬಿಳಿಯರ ಲೆಕ್ಕ

ಕೆನಡಾದ ಹ್ಯೂರಾನ್ ಮತ್ತು ಸುಪೀರಿಯರ್ ಸರೋವರಗಳ ಉತ್ತರ ದಂಡೆಯ ಮೂಲನಿವಾಸಿಗಳಿಗೆ ಸರ್ಕಾರ ಪ್ರತಿ ವರ್ಷ ಒಂದಿಷ್ಟು ಹಣ ಕೊಡಬೇಕು ಎಂದು 1850ರಲ್ಲಿ ಒಪ್ಪಂದವಾಯಿತು. ಆ ನೆಲದಿಂದ ಬರುವ ಆದಾಯ ಹೆಚ್ಚಿದರೆ ಈ ಹಣವನ್ನೂ ಹೆಚ್ಚಿಸಬೇಕು ಎಂಬ ಮಾತೂ ಅದರಲ್ಲಿತ್ತು. 1875ರಲ್ಲಿ ಒಮ್ಮೆ ಹೆಚ್ಚಿಸಿದರು. ತಲೆಗೆ 4 ಡಾಲರ್ ಆಯಿತು. ಆಮೇಲೆ ಅದೇ ನೆಲದಿಂದ ಮರ ಹೋಯಿತು, ನಿಕ್ಕಲ್ ಹೋಯಿತು, ಯುರೇನಿಯಂ ಹೋಯಿತು. ರೈಲು ಬಂತು, ಪಟ್ಟಣಗಳು ಎದ್ದವು. 4 ಡಾಲರ್ ಮಾತ್ರ ಕದಲಲಿಲ್ಲ. ಕೊನೆಗೆ 2024ರ ಜುಲೈ 26ರಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು: ಸರ್ಕಾರ ಸುಮಾರು ಒಂದೂವರೆ ಶತಮಾನ ಕೊಟ್ಟ ಮಾತಿಗೆ ತಪ್ಪಿದೆ, ಮಾನ ಬಿಟ್ಟು ನಡೆದುಕೊಂಡಿದೆ.

ಈ ಸುದ್ದಿ ಓದಿದಾಗ ನಮಗೆ ಒಂದು ಪ್ರಶ್ನೆ ಎದ್ದಿತು. ಅಂದು ಕಾಗದದ ಮೇಲೆ ಗುರುತು ಹಾಕಿದ ಮುಖಂಡರು ಏನೆಂದುಕೊಂಡಿದ್ದರು? ಜಮೀನು ಮಾರಿ ದುಡ್ಡು ಎಣಿಸಿಕೊಂಡೆವು ಎಂದೇ? ಉತ್ತರ ಹುಡುಕುತ್ತಾ ಹೋದರೆ ಅದು 1850ಕ್ಕಿಂತ ಇನ್ನೂರು ವರ್ಷ ಹಿಂದಕ್ಕೆ, ಒಂದು ಹಿಡಿ ತಂಬಾಕಿನ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತದೆ.

ದೊಡ್ಡ ನೀರಿನ ಜನ

ಉತ್ತರ ಅಮೆರಿಕದಲ್ಲಿ ಇಂದಿನ ಕೆನಡಾ ಮತ್ತು ಅಮೆರಿಕದ ಗಡಿಯಲ್ಲಿ ಐದು ಮಹಾಸರೋವರಗಳಿವೆ. ಅವುಗಳಲ್ಲಿ ದೊಡ್ಡದು ಸುಪೀರಿಯರ್. ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್. ಈ ದಡದಲ್ಲಿ ನಿಂತರೆ ಆ ದಡ ಕಾಣುವುದಿಲ್ಲ. ಅಲ್ಲಿನ ಒಜಿಬ್ವೆ ಜನ ಅದನ್ನು ಗಿಚಿಗಮಿ, ಅಂದರೆ ದೊಡ್ಡ ನೀರು ಎಂದು ಕರೆದರು. ಒಜಿಬ್ವೆಗಳು ತಮ್ಮನ್ನು ಅನಿಶಿನಾಬೆ ಎಂದು ಕರೆದುಕೊಳ್ಳುತ್ತಾರೆ. ಅಮೆರಿಕದ ಹಳೆಯ ಕಾಗದಗಳಲ್ಲಿ ಅವರ ಹೆಸರು ಚಿಪ್ಪೆವಾ. ಬಿಳಿಯರು ಅವರನ್ನು ‘ಇಂಡಿಯನ್ನರು’ ಎಂದದ್ದು ಕೊಲಂಬಸ್ ದಿಕ್ಕು ತಪ್ಪಿದ್ದರಿಂದ. ಅವರಿಗೂ ನಮಗೂ ನಂಟಿಲ್ಲ.

ಅವರ ವರ್ಷ ಋತುವಿನ ಜೊತೆ ತಿರುಗುತ್ತಿತ್ತು. ಚಳಿ ಇಳಿಯುವಾಗ ಮೇಪಲ್ ಮರಕ್ಕೆ ಕಚ್ಚು ಹಾಕಿ ರಸ ಇಳಿಸಿ, ಕುದಿಸಿ ಸಕ್ಕರೆ ಮಾಡುವುದು. ಬೇಸಿಗೆಯಲ್ಲಿ ಮೀನು. ಬೇಸಿಗೆ ಮುಗಿಯುವ ಹೊತ್ತಿಗೆ ಕೆರೆಗಳಲ್ಲಿ ತಾನಾಗಿ ಬೆಳೆಯುವ ಮನೂಮಿನ್ ಎಂಬ ಕಾಡು ಅಕ್ಕಿ. ದೋಣಿಯಲ್ಲಿ ಕೂತು, ಒಂದು ಕೋಲಿನಿಂದ ತೆನೆ ಬಗ್ಗಿಸಿ ಇನ್ನೊಂದರಿಂದ ಬಡಿದರೆ ಕಾಳು ದೋಣಿಯೊಳಗೇ ಉದುರುತ್ತದೆ. ಚಳಿಗಾಲದಲ್ಲಿ ಮಾತ್ರ ಸಣ್ಣ ಸಣ್ಣ ಗುಂಪಾಗಿ ಕಾಡಿಗೆ ಚೆದುರಿ ಬೇಟೆ.

ಆ ಚಳಿಗಾಲದಲ್ಲೇ ಉಡುಗೊರೆಯ ಬೇರು ಇದೆ. ಎರಡು ವಾರ ಬೇಟೆ ಸಿಗದಿದ್ದರೆ ಇಡೀ ಗುಡಾರಕ್ಕೆ ಉಪವಾಸ. ಆಗ ಕೈಹಿಡಿಯುವುದು ಪಕ್ಕದ ಗುಡಾರದ ಪಾತ್ರೆ. ಇವತ್ತು ನನ್ನ ಜಿಂಕೆ ನಿನಗೆ, ನಾಳೆ ನಿನ್ನ ಮೀನು ನನಗೆ. ಹಾಗಾಗಿ ಕೂಡಿಡುವವನಿಗೆ ಅಲ್ಲಿ ಬೆಲೆ ಇರಲಿಲ್ಲ. ಮುಖಂಡನಿಗೆ ಅವರು ಒಗಿಮಾ ಎನ್ನುತ್ತಿದ್ದರು. ಅವನಿಗೆ ಹುಕುಂ ಹೊರಡಿಸುವ ಅಧಿಕಾರವಿರಲಿಲ್ಲ. ಬಂದದ್ದನ್ನೆಲ್ಲ ಹಂಚಿಬಿಡುವವನ ಮಾತಿಗೆ ಜನ ತಾವಾಗಿ ಕಿವಿಗೊಡುತ್ತಿದ್ದರು.

ಕೊಟ್ಟದ್ದಕ್ಕೆ ಅಲ್ಲೇ ಆಗಲೇ ತಿರುಗಿ ಕೊಡಬೇಕು ಎಂದಿಲ್ಲ. ಆದರೆ ಮರೆಯುವ ಹಾಗೂ ಇಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆಸುವವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಮುಯ್ಯಿ ಪೂರ್ತಿ ತೀರಿತು ಎಂದರೆ ಎರಡು ಮನೆಗಳ ಹೋಗಿಬರುವಿಕೆ ನಿಂತಿತು ಎಂದೇ ಅರ್ಥ.

ಮೊದಲು ತಂಬಾಕು, ಆಮೇಲೆ ವ್ಯಾಪಾರ

17ನೇ ಶತಮಾನದಲ್ಲಿ ಫ್ರೆಂಚರು ಈ ಸೀಮೆಗೆ ಬಂದದ್ದು ಬೀವರ್ ಎಂಬ ಪ್ರಾಣಿಯ ಚರ್ಮ ಹುಡುಕಿಕೊಂಡು. ನೀರಿಗೆ ಕಟ್ಟೆ ಕಟ್ಟುವ ಈ ಪ್ರಾಣಿಯ ಒಳತುಪ್ಪಳದಿಂದ ಯುರೋಪಿನ ಶ್ರೀಮಂತರ ಟೋಪಿ ತಯಾರಾಗುತ್ತಿತ್ತು. ಒಜಿಬ್ವೆಗಳಿಗೆ ಬೇಕಿದ್ದದ್ದು ಲೋಹದ ಪಾತ್ರೆ, ಕೊಡಲಿ, ಚಾಕು, ಬಟ್ಟೆ, ಕಂಬಳಿ, ಬಂದೂಕು, ಮದ್ದುಗುಂಡು. ಎರಡೂ ಕಡೆಗೆ ಲಾಭವಿತ್ತು. ಚೌಕಾಸಿಯೂ ನಡೆಯುತ್ತಿತ್ತು. ಒಜಿಬ್ವೆಗಳು ವ್ಯಾಪಾರ ಗೊತ್ತಿಲ್ಲದ ಮುಗ್ಧರು ಎಂದು ಯಾರೂ ತಿಳಿಯಬೇಡಿ. ಸಾಮಾನು ಕಳಪೆಯಾದರೆ ಮುಂದಿನ ವರ್ಷ ಬೇರೆ ವ್ಯಾಪಾರಿಯ ಹತ್ತಿರ ಹೋಗುತ್ತಿದ್ದರು.

ಆದರೆ ಪರಿಚಯವಿಲ್ಲದವನ ಜೊತೆ ನೇರ ವ್ಯಾಪಾರಕ್ಕೆ ಕೂರುವ ರೂಢಿ ಅವರಲ್ಲಿರಲಿಲ್ಲ. ಅವರ ಲೋಕದಲ್ಲಿ ಜನ ಎರಡೇ ಬಗೆ. ಒಂದು ನೆಂಟರು, ಇನ್ನೊಂದು ಹೊರಗಿನವರು. ಹೊರಗಿನವನು ಯಾವಾಗ ಬೇಕಾದರೂ ಶತ್ರು ಆಗಬಹುದು. ಅವನನ್ನು ನೆಂಟನನ್ನಾಗಿ ಮಾಡಿಕೊಂಡರೆ ಮಾತ್ರ ನಂಬಿಕೆ. ಅದಕ್ಕೆ ದಾರಿ ಉಡುಗೊರೆ.

ವ್ಯಾಪಾರಿಯ ದೋಣಿ ದಡಕ್ಕೆ ಬಂದರೆ ಮೊದಲು ತಂಬಾಕು. ಅವರ ಮಾತಿನಲ್ಲಿ ಅಸೇಮಾ. ಅದು ಪವಿತ್ರ ವಸ್ತು. ದೇವರಿಗೆ, ನೀರಿಗೆ, ಹಿರಿಯರಿಗೆ ಅರ್ಪಿಸುವಂಥದ್ದು. ಎಲ್ಲರೂ ಕೂತು ಒಂದೇ ಚಿಲುಮೆ ಸೇದಿದ ಮೇಲೆ ಮಾತು. ಮಾತಿನ ಜೊತೆ ಉಡುಗೊರೆ. ಮುಖಂಡನಿಗೆ ಕೋಟು, ಬಾವುಟ, ಪದಕ. ಅವನು ಅದರಲ್ಲಿ ಹಂಚುವಂಥದ್ದನ್ನು ತನ್ನವರಿಗೆ ಹಂಚುತ್ತಿದ್ದ. ಆ ಕಡೆಯಿಂದ ತುಪ್ಪಳ, ಮಾಂಸ, ಅಕ್ಕಿ, ಸಕ್ಕರೆ. ಇಷ್ಟಾದ ಮೇಲೆ ಚರ್ಮ ಎಣಿಸುವ ಕೆಲಸ. ಚಳಿಗಾಲಕ್ಕೆ ಮುಂಚೆ ವ್ಯಾಪಾರಿ ಮದ್ದುಗುಂಡು, ಕಂಬಳಿಯನ್ನು ಉದ್ದರಿ ಕೊಡುತ್ತಿದ್ದ. ಬೇಟೆಗಾರ ವಸಂತದಲ್ಲಿ ಚರ್ಮ ತಂದು ತೀರಿಸುತ್ತಿದ್ದ. ಈ ಉದ್ದರಿಯೂ ನೆಂಟಸ್ತಿಕೆಯ ಬಲದ ಮೇಲೇ ನಿಂತಿತ್ತು.

ಹೆಂಗಸರ ಪಾತ್ರವನ್ನು ಬಿಟ್ಟರೆ ಈ ಕಥೆ ಅರ್ಧವಾಗುತ್ತದೆ. ಅಕ್ಕಿ, ಮೇಪಲ್ ಸಕ್ಕರೆ ಹೆಚ್ಚಾಗಿ ಅವರ ಕೈಯ ದುಡಿಮೆ. ಅದನ್ನು ಯಾರಿಗೆ ಕೊಡಬೇಕು ಎನ್ನುವ ತೀರ್ಮಾನವೂ ಅವರದೇ. ಅವರು ಕೊಡದಿದ್ದರೆ ವ್ಯಾಪಾರಿ ಚಳಿಗಾಲ ದಾಟುವುದು ಕಷ್ಟ. ಹಲವು ವ್ಯಾಪಾರಿಗಳು ಹೆಣ್ಣಿನ ಮನೆಯವರಿಗೆ ಉಡುಗೊರೆ ಕೊಟ್ಟು ಮದುವೆಯಾಗಿ ಅಳಿಯಂದಿರಾದರು. ಸುಪೀರಿಯರ್ ಸರೋವರದ ಮ್ಯಾಡೆಲಿನ್ ದ್ವೀಪಕ್ಕೆ ಆ ಹೆಸರು ಬಂದದ್ದು ಮಿಶೆಲ್ ಕಡೊಟ್ ಎಂಬ ವ್ಯಾಪಾರಿಯನ್ನು ಮದುವೆಯಾದ ಒಜಿಬ್ವೆ ಮುಖಂಡನ ಮಗಳಿಂದ.

ಇದರಲ್ಲಿ ಒಂದು ಕಹಿಯೂ ಇದೆ. ಉಡುಗೊರೆಯ ಸಾಲಿನಲ್ಲಿ ರಮ್ಮಿನ ಪೀಪಾಯಿಯೂ ಸೇರಿಕೊಂಡಿತು. ಸಭೆಗಳಲ್ಲಿ ಅದಕ್ಕೆ ‘ಹಾಲು’ ಎಂಬ ಹೆಸರು. ತಂದೆಯಾದವನು ಮಕ್ಕಳಿಗೆ ಹಾಲು ಕೊಡಲಿ ಎಂದು ಕೇಳುತ್ತಿದ್ದರು. ಕೇಳುವವರಿಗೆ ಅದು ಸಂಬಂಧದ ಮಾತು. 1800ರ ಆಸುಪಾಸಿನಲ್ಲಿ ತುಪ್ಪಳದ ಕಂಪನಿಗಳು ಒಂದರ ಮೇಲೊಂದು ಪೈಪೋಟಿಗೆ ಬಿದ್ದಾಗ ಈ ಹಾಲು ಹೊಳೆಯಾಗಿ ಹರಿಯಿತು. ಎಷ್ಟೋ ಗುಡಾರಗಳು ಹಾಳಾದವು. ಉಡುಗೊರೆಯ ಹೆಸರಿನಲ್ಲಿ ವಿಷವನ್ನೂ ಕೊಡಬಹುದು ಎನ್ನುವುದನ್ನು ವ್ಯಾಪಾರಿಗಳು ಚೆನ್ನಾಗಿ ಕಲಿತಿದ್ದರು.

ತಂದೆ ಎಂದರೆ ಯಾರು?

ಫ್ರೆಂಚ್ ಗವರ್ನರನನ್ನು ಮೂಲನಿವಾಸಿಗಳು ‘ಒನೊಂಟಿಯೊ’ ಎಂದು ಕರೆದರು. ಮಹಾಪರ್ವತ ಎಂದು ಅರ್ಥ. 1636ರಲ್ಲಿ ಬಂದ ಮಾಂಟ್‌ಮ್ಯಾನಿ ಎಂಬ ಗವರ್ನರನ ಹೆಸರಿನ ಅನುವಾದ ಅದು. ಆಮೇಲೆ ಬಂದ ಎಲ್ಲ ಗವರ್ನರುಗಳಿಗೂ ಅದೇ ಹೆಸರು ಅಂಟಿತು. ಅವನನ್ನು ‘ತಂದೆ’ ಎಂದೂ ಕರೆಯುತ್ತಿದ್ದರು.

ಗೊಂದಲ ಶುರುವಾದದ್ದು ಈ ಪದದಿಂದ. ಯುರೋಪಿನವರಿಗೆ ತಂದೆ ಎಂದರೆ ಆಜ್ಞೆ ಮಾಡುವವನು, ಮಕ್ಕಳು ವಿಧೇಯರು. ಒಜಿಬ್ವೆಗಳಿಗೆ ತಂದೆ ಎಂದರೆ ಉಣಿಸುವವನು, ಮಕ್ಕಳ ಜಗಳ ಬಿಡಿಸುವವನು, ಕಷ್ಟದಲ್ಲಿ ಕೈಬಿಡದವನು. ಕೊಡದ ತಂದೆ ತಂದೆಯೇ ಅಲ್ಲ. ಫ್ರೆಂಚ್ ಅಧಿಕಾರಿಗಳು ಖರ್ಚಿನ ಬಗ್ಗೆ ಗೊಣಗಿದರೂ ಯುದ್ಧಕ್ಕಿಂತ ಉಡುಗೊರೆ ಅಗ್ಗ ಎಂದು ಕಂಡುಕೊಂಡಿದ್ದರು. 1701ರಲ್ಲಿ ಮಾಂಟ್ರಿಯಲ್‌ನಲ್ಲಿ ಸುಮಾರು 40 ಬುಡಕಟ್ಟುಗಳ 1,300 ಪ್ರತಿನಿಧಿಗಳು ಸೇರಿ ದೊಡ್ಡ ಶಾಂತಿ ಒಪ್ಪಂದ ಮಾಡಿಕೊಂಡಾಗಲೂ ಮೊದಲ ಸ್ಥಾನ ಉಡುಗೊರೆಗೆ. ಅಲ್ಲಿ ಕೈಯಿಂದ ಕೈಗೆ ಹೋದದ್ದು ವಾಂಪಮ್ ಎಂಬ ಮಣಿಪಟ್ಟಿಗಳು. ಸಮುದ್ರದ ಚಿಪ್ಪಿನ ಬಿಳಿ, ನೇರಳೆ ಮಣಿ ಪೋಣಿಸಿ ಹೆಣೆದವು. ಪ್ರತಿ ಪಟ್ಟಿಗೂ ಒಂದು ಮಾತು ಕಟ್ಟಿರುತ್ತದೆ. ಪಟ್ಟಿ ತೆಗೆದುಕೊಂಡರೆ ಮಾತು ಒಪ್ಪಿದಂತೆ.

ಲೆಕ್ಕ ಗೊತ್ತಿದ್ದ ಜನರಲ್

1760ರಲ್ಲಿ ಮಾಂಟ್ರಿಯಲ್ ಬ್ರಿಟಿಷರ ಕೈಸೇರಿತು. ಫ್ರೆಂಚರ ಕೋಟೆಗಳಲ್ಲಿ ಬ್ರಿಟಿಷ್ ಬಾವುಟ ಹಾರಿತು. ಸೇನಾಪತಿ ಜೆಫ್ರಿ ಆಮ್ಹರ್ಸ್ಟ್‌ನಿಗೆ ಉಡುಗೊರೆಯ ಖರ್ಚು ಕಣ್ಣಿಗೆ ಚುಚ್ಚಿತು. ಗೆದ್ದವರು ನಾವು, ಇವರ ಒಳ್ಳೆಯ ನಡತೆಯನ್ನು ದುಡ್ಡು ಕೊಟ್ಟು ಕೊಳ್ಳುವುದು ಏಕೆ ಎನ್ನುವುದು ಅವನ ವಾದ. ಅವನ ಪಾಲಿಗೆ ಅದು ಲಂಚ. ಉಡುಗೊರೆ ನಿಲ್ಲಿಸಿದ. ಮದ್ದುಗುಂಡು ಸಿಗುವುದಕ್ಕೂ ಮಿತಿ ಹಾಕಿದ. ಬೇಟೆಗೆ ಮದ್ದಿಲ್ಲದೆ ಗುಡಾರಗಳಲ್ಲಿ ಹಸಿವು ಹೊಕ್ಕಿತು. ಮೂಲನಿವಾಸಿಗಳ ವ್ಯವಹಾರ ನೋಡುತ್ತಿದ್ದ ವಿಲಿಯಂ ಜಾನ್ಸನ್ ಬೇಡ ಎಂದು ಎಚ್ಚರಿಸಿದ. ಆಮ್ಹರ್ಸ್ಟ್ ಕೇಳಲಿಲ್ಲ.

ಅದೇ 1761ರಲ್ಲಿ ಅಲೆಕ್ಸಾಂಡರ್ ಹೆನ್ರಿ ಎಂಬ 22 ವರ್ಷದ ಇಂಗ್ಲಿಷ್ ವ್ಯಾಪಾರಿ, ಫ್ರೆಂಚ್ ದೋಣಿಯಾಳಿನ ವೇಷದಲ್ಲಿ ಮಿಚಿಲಿಮ್ಯಾಕಿನಾಕ್ ಕೋಟೆಗೆ ಬಂದ. ಅವನನ್ನು ನೋಡಲು ಮಿನವವನ ಎಂಬ ಒಜಿಬ್ವೆ ಮುಖಂಡ ಅರವತ್ತು ಜನರೊಂದಿಗೆ ಬಂದ. ಅವನ ಮಾತಿನ ಸಾರ ಇಷ್ಟು: ನೀವು ಫ್ರೆಂಚರನ್ನು ಗೆದ್ದಿರಬಹುದು, ನಮ್ಮನ್ನು ಗೆದ್ದಿಲ್ಲ. ಈ ಕಾಡು, ಈ ಕೆರೆ ನಮ್ಮ ಹಿರಿಯರು ಬಿಟ್ಟುಹೋದದ್ದು. ನಿಮ್ಮ ರಾಜ ನಮಗೆ ಉಡುಗೊರೆ ಕಳಿಸಿಲ್ಲ, ಒಪ್ಪಂದ ಮಾಡಿಕೊಂಡಿಲ್ಲ. ಹಾಗಾಗಿ ಅವನಿಗೂ ನಮಗೂ ಯುದ್ಧ ಇನ್ನೂ ಮುಗಿದಿಲ್ಲ. ಆದರೆ ಹೆನ್ರಿ ಆಯುಧವಿಲ್ಲದೆ ಸಾಮಾನು ತಂದವನು, ಅವನು ನೆಮ್ಮದಿಯಾಗಿರಲಿ.

ಇದನ್ನು ಇನ್ನೊಮ್ಮೆ ಓದಿ. ಉಡುಗೊರೆ ಬಂದಿಲ್ಲ ಎನ್ನುವುದು ಇಲ್ಲಿ ಬೇಡುವವನ ದೂರಲ್ಲ. ಶಾಂತಿ ಇನ್ನೂ ಆಗಿಲ್ಲ ಎಂಬ ರಾಜತಾಂತ್ರಿಕ ಹೇಳಿಕೆ. ಲಂಡನ್ನಿನಲ್ಲಿ ಸಹಿಯಿಲ್ಲದ ಕಾಗದಕ್ಕೆ ಎಷ್ಟು ಬೆಲೆಯೋ ಸರೋವರದ ದಡದಲ್ಲಿ ಉಡುಗೊರೆಯಿಲ್ಲದ ಮಾತಿಗೆ ಅಷ್ಟೇ ಬೆಲೆ.

1763ರ ಮೇ ತಿಂಗಳಲ್ಲಿ ಒಡಾವ ಮುಖಂಡ ಪಾಂಟಿಯಾಕ್ ಡೆಟ್ರಾಯಿಟ್ ಕೋಟೆಗೆ ಮುತ್ತಿಗೆ ಹಾಕಿದ. ನೆಲ ಹೋಗುವ ಭಯವೂ ಈ ದಂಗೆಯ ಹಿಂದಿತ್ತು, ಉಡುಗೊರೆ ನಿಂತ ಸಿಟ್ಟೂ ಇತ್ತು. ಜೂನ್ 2ರಂದು ಮಿಚಿಲಿಮ್ಯಾಕಿನಾಕ್ ಕೋಟೆಯ ಹೊರಗೆ ಒಜಿಬ್ವೆಗಳೂ ಸಾಕ್ ಜನರೂ ಚೆಂಡಾಟ ಆಡಿದರು. ಸೈನಿಕರು ಬಾಗಿಲು ತೆರೆದು ನೋಡುತ್ತಾ ನಿಂತರು. ಚೆಂಡು ಕೋಟೆಯ ಕಡೆ ಹಾರಿತು. ಆಟಗಾರರು ಅದರ ಹಿಂದೆ ನುಗ್ಗಿದರು. ಹೆಂಗಸರು ಕಂಬಳಿಯೊಳಗೆ ಬಚ್ಚಿಟ್ಟಿದ್ದ ಆಯುಧ ಅವರ ಕೈಸೇರಿತು. ಸ್ವಲ್ಪ ಹೊತ್ತಿನಲ್ಲೇ ಕೋಟೆ ಬಿತ್ತು. ಆ ವರ್ಷ ಬ್ರಿಟಿಷರು ಎಂಟು ಕೋಟೆ ಕಳೆದುಕೊಂಡರು.

ಹೆನ್ರಿ ಉಳಿದದ್ದು ಹೇಗೆ? ಅವನು ಬಂದ ಮೊದಲ ವರ್ಷವೇ ವಾವತಮ್ ಎಂಬ ಒಜಿಬ್ವೆ ಮನೆಮಂದಿಯೊಂದಿಗೆ ಬಂದು ಚರ್ಮ, ಸಕ್ಕರೆ, ಒಣಮಾಂಸ ಇಟ್ಟಿದ್ದ. ಹಿಂದೊಮ್ಮೆ ವ್ರತ ಹಿಡಿದು ಉಪವಾಸ ಕೂತಾಗ ಒಬ್ಬ ಇಂಗ್ಲಿಷಿನವನನ್ನು ತಮ್ಮನಾಗಿ ಪಡೆಯುವ ಕನಸು ಬಿದ್ದಿತ್ತು, ಅದು ನೀನೇ ಎಂದಿದ್ದ. ಹೆನ್ರಿ ಉಡುಗೊರೆ ತೆಗೆದುಕೊಂಡು ತಾನೂ ಕೊಟ್ಟ. ಅಂದಿನಿಂದ ಇಬ್ಬರೂ ಒಡಹುಟ್ಟಿದವರು. ಕೋಟೆ ಬಿದ್ದು ಹೆನ್ರಿ ಸೆರೆಸಿಕ್ಕಾಗ ವಾವತಮ್ ಮುಖಂಡರ ಸಭೆಗೆ ಬಂದ. ಚಿಲುಮೆ ಸೇದಿದ ಮೇಲೆ ತಂದಿದ್ದ ಸಾಮಾನನ್ನೆಲ್ಲ ಮಿನವವನನ ಮುಂದೆ ಇಟ್ಟು ತಮ್ಮನನ್ನು ಕೇಳಿದ. ಮುಖಂಡ ಒಪ್ಪಿದ. ಹೆನ್ರಿ ಆ ಚಳಿಗಾಲವನ್ನು ಅಣ್ಣನ ಗುಡಾರದಲ್ಲಿ ಕಳೆದ. ಮುಂದೆ 1809ರಲ್ಲಿ ಇದನ್ನೆಲ್ಲ ತನ್ನ ಪುಸ್ತಕದಲ್ಲಿ ಬರೆದ. ಆಮ್ಹರ್ಸ್ಟ್ ಲಂಚ ಎಂದದ್ದೇ ಒಬ್ಬ ಇಂಗ್ಲಿಷಿನವನ ಜೀವ ಕಾಯಿತು.

24 ಜನ ಕೈಹಿಡಿದು ನಿಂತ ಪಟ್ಟಿ

1763ರ ಕೊನೆಗೆ ಆಮ್ಹರ್ಸ್ಟ್‌ನನ್ನು ವಾಪಸ್ ಕರೆಸಿಕೊಂಡರು. 1764ರ ಬೇಸಿಗೆಯಲ್ಲಿ ಜಾನ್ಸನ್ ನಯಾಗರಾದಲ್ಲಿ ಸುಮಾರು 24 ಬುಡಕಟ್ಟುಗಳ 2,000 ಜನರನ್ನು ಸೇರಿಸಿದ. ರಾಶಿ ಉಡುಗೊರೆ ಹಂಚಿದ. ಮಣಿಪಟ್ಟಿಗಳನ್ನು ಕೊಟ್ಟ. ಅದರಲ್ಲೊಂದರಲ್ಲಿ ಒಂದು ತುದಿಗೆ ಹಡಗು, ಇನ್ನೊಂದು ತುದಿಗೆ ಬಂಡೆ, ನಡುವೆ 24 ಜನ ಕೈಹಿಡಿದು ನಿಂತ ಚಿತ್ರ. ಕಡಲಾಚೆಯ ರಾಜನ ಹಡಗು ಇವರಿಗೆ ಬೇಕಾದದ್ದನ್ನು ಹೊತ್ತು ಬರುತ್ತಲೇ ಇರುತ್ತದೆ ಎನ್ನುವುದು ಮಾತು. ಬ್ರಿಟಿಷರು ಸೋತು ಕಲಿತ ಪಾಠ ಅದು.

ಹೀಗೆ ಶುರುವಾದ ವಾರ್ಷಿಕ ಉಡುಗೊರೆ ಸುಮಾರು ನೂರು ವರ್ಷ ನಡೆಯಿತು. 1836ರಿಂದ ಹ್ಯೂರಾನ್ ಸರೋವರದ ಮ್ಯಾನಿಟೂಲಿನ್ ದ್ವೀಪದಲ್ಲಿ ಹಂಚುತ್ತಿದ್ದರು. ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. ಯುದ್ಧದ ಭಯ ಹೋಗಿತ್ತು, ತುಪ್ಪಳದ ವ್ಯಾಪಾರ ಇಳಿದಿತ್ತು. ಬಿಳಿಯರಿಗೆ ಒಜಿಬ್ವೆಗಳ ಸ್ನೇಹಕ್ಕಿಂತ ಅವರ ನೆಲ ಬೇಕಾಗಿತ್ತು. ಕಚೇರಿಗಳಲ್ಲಿ ಉಡುಗೊರೆಗೆ ದಂಡದ ಖರ್ಚು ಎಂಬ ಹಣೆಪಟ್ಟಿ ಬಿತ್ತು. 1858ರಲ್ಲಿ ಅದನ್ನು ನಿಲ್ಲಿಸಿದರು.

ಇಂಗ್ಲಿಷಿನಲ್ಲಿ ‘ಇಂಡಿಯನ್ ಗಿಫ್ಟ್’ ಎಂಬ ಹೀಯಾಳಿಕೆ 1760ರ ದಶಕಕ್ಕಾಗಲೇ ಚಾಲ್ತಿಯಲ್ಲಿತ್ತು. ಬದಲಿಗೆ ಕಾಯುತ್ತಾ ಕೊಡುವ ಉಡುಗೊರೆ ಎಂದು ಅರ್ಥ. ಉಡುಗೊರೆ ಎಂದರೆ ಕೊಟ್ಟು ಮರೆಯುವುದು ಎಂದುಕೊಂಡವರು, ಮರೆಯದೆ ಇರುವುದಕ್ಕೇ ಕೊಡುವವರನ್ನು ಹೀಗೆ ನೋಡಿದರು.

1850: ಗಡಿಯ ಎರಡೂ ಕಡೆ

ಕೆನಡಾದ ಕಡೆ ಸರ್ಕಾರ ಯಾರನ್ನೂ ಕೇಳದೆ ಗಣಿಗೆ ಲೈಸೆನ್ಸ್ ಕೊಟ್ಟಿತ್ತು. 1849ರಲ್ಲಿ ಮುಖಂಡರು ಸುಪೀರಿಯರ್ ದಂಡೆಯ ಮೈಕಾ ಬೇ ಗಣಿಗೆ ನುಗ್ಗಿ ಕೆಲಸ ನಿಲ್ಲಿಸಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ವಿಲಿಯಂ ರಾಬಿನ್ಸನ್ ಎಂಬ ಪ್ರತಿನಿಧಿ ಬಂದು ಎರಡು ಒಪ್ಪಂದ ಮಾಡಿಕೊಂಡ. ನಾವು ಮೊದಲಿಗೆ ಹೇಳಿದ 4 ಡಾಲರಿನ ಮೂಲ ಇದು. ಶುರುವಿನಲ್ಲಿ ಸಿಕ್ಕದ್ದು ತಲೆಗೆ 2 ಡಾಲರಿಗೂ ಕಡಿಮೆ.

ಸರ್ಕಾರಕ್ಕೆ ಅದು ಕ್ರಯಪತ್ರ. ಮುಖಂಡರಿಗೆ ಅದು ನಯಾಗರಾದ ಮಾತಿನ ಮುಂದುವರಿಕೆ: ನೆಲವನ್ನು ಹಂಚಿಕೊಳ್ಳೋಣ, ನಿಮಗೆ ಹೆಚ್ಚು ದೊರೆತರೆ ನಮಗೂ ಹೆಚ್ಚು ಬರಲಿ, ವರ್ಷವರ್ಷ ಬಂದು ನೆಂಟಸ್ತಿಕೆ ಹಸಿಯಾಗಿಡಿ.

ಅದೇ ವರ್ಷ ಅಮೆರಿಕದ ಕಡೆ ಇನ್ನೂ ಘೋರವಾದದ್ದು ನಡೆಯಿತು. ಅಲ್ಲಿನ ಒಜಿಬ್ವೆಗಳಿಗೆ ವಾರ್ಷಿಕ ಹಣ, ಸಾಮಾನು ಸಿಗುತ್ತಿದ್ದದ್ದು ಮ್ಯಾಡೆಲಿನ್ ದ್ವೀಪದ ಲಾ ಪಾಯಿಂಟ್‌ನಲ್ಲಿ. ಅವರನ್ನು ಪಶ್ಚಿಮಕ್ಕೆ ಎಬ್ಬಿಸಬೇಕೆಂದು ಅಧಿಕಾರಿಗಳು ಆ ಜಾಗವನ್ನು ದೂರದ ಸ್ಯಾಂಡಿ ಲೇಕ್‌ಗೆ ಬದಲಾಯಿಸಿದರು. ಅಕ್ಟೋಬರ್ 25ಕ್ಕೆ ಬನ್ನಿ ಎಂದರು. ಸಾವಿರಾರು ಜನ ಬಂದರು. ಹಣವಿಲ್ಲ, ಸರಿಯಾದ ಊಟವಿಲ್ಲ. ಕೆಟ್ಟ ಆಹಾರ ತಿಂದು, ಭೇದಿ, ದಡಾರ ತಗುಲಿ ಸಾಯತೊಡಗಿದರು. ಕಂತಿನ ಅಲ್ಪಸ್ವಲ್ಪ ಸಿಕ್ಕದ್ದು ಡಿಸೆಂಬರ್ ಮೊದಲ ವಾರದಲ್ಲಿ, ಕೆರೆ ಹೊಳೆ ಹೆಪ್ಪುಗಟ್ಟಿದ ಮೇಲೆ. ಅಲ್ಲಿ ಮತ್ತು ಹಿಮದಲ್ಲಿ ಮನೆಗೆ ನಡೆದ ದಾರಿಯಲ್ಲಿ ಸುಮಾರು 400 ಜನ ಸತ್ತರು. ಸಂಬಂಧ ಉಳಿಸಲು ಹುಟ್ಟಿದ ಪದ್ಧತಿಯನ್ನು ಜನರನ್ನು ಓಡಿಸುವ ಬಲೆಯಾಗಿ ಬಳಸಿದರು.

1852ರಲ್ಲಿ ತೊಂಬತ್ತು ದಾಟಿದ ಮುಖಂಡ ಬಿಜಿಕಿ, ಇಂಗ್ಲಿಷಿನಲ್ಲಿ ಚೀಫ್ ಬಫಲೊ, ದೋಣಿ ಹತ್ತಿ ವಾಷಿಂಗ್ಟನ್‌ಗೆ ಹೊರಟ. ಅಧ್ಯಕ್ಷ ಫಿಲ್ಮೋರ್‌ನನ್ನು ಕಂಡ. ಅಲ್ಲಿಯೂ ಮೊದಲು ಚಿಲುಮೆ ಸೇದಿ, ಆಮೇಲೆ ಮಾತು. ಎಬ್ಬಿಸುವ ಆದೇಶ ರದ್ದಾಯಿತು. 1854ರ ಒಪ್ಪಂದದಲ್ಲಿ ಒಜಿಬ್ವೆಗಳಿಗೆ ತಮ್ಮ ಸೀಮೆಯಲ್ಲೇ ನೆಲ ಉಳಿಯಿತು. ಇಂದಿಗೂ ಅವರ ಮೊಮ್ಮಕ್ಕಳು ಅಲ್ಲಿದ್ದಾರೆ.

ಕೋರ್ಟು ಓದಿದ ಮಾತು

ರಾಬಿನ್ಸನ್ ಒಪ್ಪಂದದ 4 ಡಾಲರ್ ಪ್ರಶ್ನೆ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಕಾಗದದ ಅಕ್ಷರವನ್ನಷ್ಟೇ ಓದಲಿಲ್ಲ. ಅನಿಶಿನಾಬೆ ಹಿರಿಯರ ಮಾತನ್ನೂ ಕೇಳಿದರು. ಒಪ್ಪಂದವೆಂದರೆ ಪರಸ್ಪರ ಹೊಣೆ, ಅದನ್ನು ಮತ್ತೆ ಮತ್ತೆ ಹೊಸದು ಮಾಡಿಕೊಳ್ಳಬೇಕು ಎನ್ನುವ ತಿಳಿವಳಿಕೆ 2018ರ ತೀರ್ಪಿನೊಳಗೆ ಬಂತು. 2023ರಲ್ಲಿ ಹ್ಯೂರಾನ್ ಒಪ್ಪಂದದ 21 ಸಮುದಾಯಗಳಿಗೆ ಹಿಂದಿನ ಬಾಕಿಯಾಗಿ 1,000 ಕೋಟಿ ಕೆನಡಾ ಡಾಲರ್ ಕೊಡಲು ಸರ್ಕಾರಗಳು ಒಪ್ಪಿದವು. ಮರುವರ್ಷ ಸುಪ್ರೀಂ ಕೋರ್ಟಿನ ತೀರ್ಪು ಬಂತು.

1,000 ಕೋಟಿ ದೊಡ್ಡ ಮೊತ್ತವೇ. ಆದರೆ ಇಷ್ಟು ಕೊಟ್ಟುಬಿಟ್ಟೆವು, ಇನ್ನು ಲೆಕ್ಕ ಚುಕ್ತಾ ಎಂದು ಸರ್ಕಾರ ಅಂದುಕೊಂಡರೆ 1761ರಲ್ಲಿ ಮಿನವವನ ಹೇಳಿದ್ದು ಇನ್ನೂ ಅರ್ಥವಾಗಿಲ್ಲ ಎಂದೇ ನಾವು ತಿಳಿಯಬೇಕು. ತೀರ್ಪು ಹಿಂದಿನ ಬಾಕಿಯ ಜೊತೆಗೆ ಮುಂದಿನ ಮಾತನ್ನೂ ಹೇಳಿದೆ: ಮೊತ್ತ ಹೆಚ್ಚಿಸಬೇಕೇ ಎಂದು ಸರ್ಕಾರ ಕಾಲಕಾಲಕ್ಕೆ ಕೂತು ನೋಡಲೇಬೇಕು. ಅಂದರೆ ವರ್ಷಗಳು ಉರುಳಿದಂತೆ ಎರಡೂ ಕಡೆಯವರು ಮತ್ತೆ ಮತ್ತೆ ಎದುರುಬದುರು ಕೂರಬೇಕು. ಚಿಲುಮೆ ಹಿಡಿದು ಬಂದ ಮುಖಂಡರು ಕೇಳಿದ್ದೂ ಅದನ್ನೇ.